ಬೆನ್ನುಸರದ ನೆನಪು

ಮುರಿದ ಬೆನ್ನುಮೂಳೆಯ ಬದಲಿಗೆ ಕೂರಿಸಲೆಂದು ನಾನು ವಿನ್ಯಾಸ ಮಾಡಿದ ಬಳುಕುವ ಬೆನ್ನುಸರಕ್ಕೆ ಒಂದೇ ಒಂದು ರೋಗವಿತ್ತು. ಸತ್ತವರ ಬೆನ್ನಿಂದ ತೆಗೆದು ಬೇರೆಯವರಿಗೆ ಹಾಕಿದರೆ, ಅದು ಹಳಬರ ಹಾಗೇ ಬಾಗುತ್ತಿತ್ತು. ಒಂಬತ್ತು ವರ್ಷ ಹಟ ಹಿಡಿದು, ಆ ನೆನಪನ್ನು ಅಳಿಸುವ ಸೂಜಿಯೊಂದನ್ನು ಮಾಡಿದೆ.

ಆ ಸೂಜಿ ಹಾಕಿಸಿಕೊಳ್ಳಲು ಮೊದಲು ಹೆಸರು ಬರೆಸಿದವರು ಡ್ರಾಯಿಂಗ್ ಮೇಷ್ಟ್ರು ಅಲ್ತಾಫ್. "ಎಲ್ಲಿ ಹೋದ್ರೂ ಬಾಗಿ ಕಂಡವರ ಚಪ್ಪಲಿ ಜೋಡಿಸ್ತೀನಿ ಮೇಡಂ. ಮಕ್ಕಳು ನಗ್ತಾರೆ."

ಅಳಿಸುವ ಮೊದಲು ಹಳಬರ ಮನೆಯವರನ್ನು ಕರೆಸುವುದು ಪದ್ಧತಿ. ನೀಲಮ್ಮ ಬಂದರು. ತೀರಿಕೊಂಡ ಅವರ ಗಂಡ, ಈಗ ಮೇಷ್ಟ್ರ ಬೆನ್ನಲ್ಲಿರುವ ಬೆನ್ನುಸರದೊಂದಿಗೆ ಹನ್ನೊಂದು ವರ್ಷ ಬದುಕಿದ್ದರು. ನೀಲಮ್ಮ ಚಪ್ಪಲಿಗಳನ್ನು ಬಾಗಿಲಲ್ಲಿ ಅತ್ತೊಂದು ಇತ್ತೊಂದು ಬಿಟ್ಟು, ಅವು ಕಾಣುವಂಥ ಕುರ್ಚಿಯಲ್ಲಿ ಕೂತರು.

ಮೇಷ್ಟ್ರು ಬಂದವರೇ ಎಡಗೈಯನ್ನು ಮಂಡಿಗೆ ಊರಿ ಬಾಗಿದರು. ಆ ಚಪ್ಪಲಿಗಳನ್ನು ಜೋಡಿಸಿ, ಹೊರಡುವವರಿಗೆ ಸುಲಭವಾಗಲೆಂದು ಹೊರಮುಖವಾಗಿ ಇಟ್ಟರು. ನೀಲಮ್ಮ ರೆಪ್ಪೆ ಬಡಿಯದೆ ನೋಡಿದರು.

"ಬೇಡ ಅಂದ್ರೆ ಬಿಡೋಣಮ್ಮ" ಅಂದರು ಮೇಷ್ಟ್ರು, ಮುಜುಗರದಿಂದ.

"ಇಲ್ಲಪ್ಪ. ನಿಮ್ಮ ಬೆನ್ನು, ನಿಮ್ಮ ಹಾಗೇ ಬಾಗಲಿ."

ಹತ್ತು ನಿಮಿಷದ ಕೆಲಸ. ಸೂಜಿ ಹೋದ ಗುರುತು ಸಾಸಿವೆಯಷ್ಟೂ ಇರಲಿಲ್ಲ. ಅಷ್ಟರಲ್ಲಿ ನೀಲಮ್ಮ ಎದ್ದು ಹೋಗಿ, ತಮ್ಮ ಚಪ್ಪಲಿಗಳನ್ನು ಮತ್ತೆ ಚದುರಿಸಿ ಬಂದು ಕೂತಿದ್ದರು. ಮೇಷ್ಟ್ರು ಕೈಮುಗಿದು, ಅವುಗಳನ್ನು ದಾಟಿ ನೆಟ್ಟಗೆ ನಡೆದುಹೋದರು.

ನನ್ನ ಸೂಜಿ ಗೆದ್ದಿತ್ತು. ನಾನೇ ಹೋಗಿ ಚಪ್ಪಲಿ ಜೋಡಿಸಲು ಬಾಗಿದೆ.

"ಮುಟ್ಟಬೇಡಿ ತಾಯಿ" ಅಂದರು ನೀಲಮ್ಮ. "ಇನ್ನೊಂಚೂರು ಹೊತ್ತು ಕಾಯ್ತೀನಿ."