ಮೊರದಗಲ ಜಾಗ

ಈಗ ಯಾವ ಹೊಲ ಏನೇನು ಉಂಡಿದೆಯೆಂದು ಮೊಬೈಲಿನ ಪರದೆಯೇ ಹೇಳುತ್ತದೆ. ರೊಟ್ಟಿ ಬಡಿದಿಟ್ಟು ನಾನೂ ಅದನ್ನು ಓದಲು ಕಲಿಯುತ್ತಿದ್ದೆ. ಕಲಿಸಲು ಬಂದ ನೀಲಾಂಬಿಕಾ, ನಮ್ಮ ಹೊಲದ ಬದುವಿನ ಪಕ್ಕ ಮೊರದಗಲ ಜಾಗವೊಂದು ಕಡುಹಸಿರಾಗಿರುವುದನ್ನು ತೋರಿಸಿದಳು.

“ಅಕ್ಕಾರ, ಹತ್ತೊಂಬತ್ತು ವರ್ಷದ ಹಿಂದ ಇಲ್ಲಿ ಹೊಲ ಎಳೇ ಎಲುಬು ಉಂಡೈತಿ. ಕರು ಹುಗದಿದ್ರೇನ್ರಿ?”

ಅದೇ ವರ್ಷ, ಒಂದೇ ದಿನ ಬದುಕಿದ ನನ್ನ ಕೂಸನ್ನು ಅತ್ತೆ ಎತ್ತಿಕೊಂಡು ಹೋಗಿದ್ದರು. ಹೂತ ಜಾಗ ತಾಯಿಗೆ ತಿಳಿಯಬಾರದೆಂದು ಅವರು ಸಾಯುವವರೆಗೂ ಬಾಯಿ ಬಿಡಲಿಲ್ಲ. ಆ ಬದುವಿನ ಮೇಲೆ ಕುಳಿತೇ ನಾನು ಇಷ್ಟು ವರ್ಷ ಬುತ್ತಿ ಉಂಡಿದ್ದೆ.

“ಈ ಜಾಗಕ್ಕ ನೀರು, ಗೊಬ್ಬರ ಏನೂ ಬ್ಯಾಡ ಅನ್ನಾಕತ್ತೈತಿ. ಬಂದ್ ಮಾಡ್ಲೇನ್ರಿ?”

“ಬ್ಯಾಡವ್ವ. ನೀರಿನ ಬಟನ್ ಯಾವುದು ತೋರ್ಸು, ನಾನೇ ಬಿಡ್ತೀನಿ. ಕೂಸು ನನ್ನ ಹಾಲಂತೂ ಕುಡೀಲಿಲ್ಲ.”