ಒಂದು ಮಗುವಿನ ವಿಷಯ

ಬಾಗಿಲು ತಟ್ಟಿದ ಸದ್ದು ಕೇಳಿ ಟೀಚರ್ ಮೊದಲು ಮಾಡಿದ ಕೆಲಸವೆಂದರೆ ಮಗಳನ್ನು ಒಳಕೋಣೆಗೆ ತಳ್ಳಿದ್ದು.

"ನಾನು ಕರೆಯೋ ತನಕ ಹೊರಗೆ ಬರಬೇಡ ಪುಟ್ಟಿ."

ಪುಟ್ಟಿ ತಲೆಯಾಡಿಸಿದಳು. ಎಡಗೆನ್ನೆಯ ಮೇಲೆ ಬೆರಳಿನ ಬರೆ ಇನ್ನೂ ಮಾಸಿರಲಿಲ್ಲ.

ನಿನ್ನೆ ಸಂಜೆಯದು. ತಿದ್ದುತ್ತಿದ್ದ ಉತ್ತರಪತ್ರಿಕೆಗಳ ಮೇಲೆ ಹಾಲಿನ ಲೋಟ ಉರುಳಿತ್ತು. ಬೇಕೆಂದು ಉರುಳಿಸಿದ್ದಲ್ಲ, ಮಗುವಿನ ಕೈ ತಾಗಿತ್ತು, ಅಷ್ಟೇ. ಅದು ತಲೆಗೆ ಹೊಳೆಯುವ ಮೊದಲೇ ಟೀಚರ್ ಕೈ ಬೀಸಿಯಾಗಿತ್ತು. "ಇನ್ನು ಮಾಡಲ್ಲ ಅಮ್ಮಾ" ಎಂದು ಪುಟ್ಟಿ ಕಿರುಚಿದ್ದು ಇಡೀ ಕಟ್ಟಡಕ್ಕೇ ಕೇಳಿಸಿರಬೇಕು. ಕಳೆದ ತಿಂಗಳಷ್ಟೇ ಪಾಲಕರ ಸಭೆಯಲ್ಲಿ, ಮಕ್ಕಳ ಮೇಲೆ ಕೈ ಮಾಡುವವರು ಮನುಷ್ಯರೇ ಅಲ್ಲ ಎಂದು ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದ್ದಳು. ಆ ಚಪ್ಪಾಳೆ ಈಗ ನೆನಪಾದರೆ ಕಿವಿ ಬಿಸಿಯಾಗುತ್ತಿತ್ತು.

ಬಾಗಿಲಲ್ಲಿ ನಿಂತಿದ್ದವಳು ಹೆಗಲಿಗೆ ಚೀಲ ಹಾಕಿಕೊಂಡಿದ್ದ ನಗುಮುಖದ ಹೆಂಗಸು.

"ಮಕ್ಕಳ ಆಸರೆ ಸಂಸ್ಥೆಯಿಂದ ಬಂದಿದ್ದೀನಿ. ಒಂದು ಮಗುವಿನ ವಿಷಯ ಮಾತಾಡ್ಬೇಕಿತ್ತು. ಕೆಳಮನೆಯವರು ನಿಮ್ಮ ಹೆಸರು ಹೇಳಿದ್ರು."

ದೂರು ಹೋಗಿದೆ, ಅಂದುಕೊಂಡಳು ಟೀಚರ್.

ಕೆಳಮನೆಯಲ್ಲಿದ್ದವರು ಬಡಗಿ ಮತ್ತು ಅವನ ಹೆಂಡತಿ. ಮಕ್ಕಳಿಲ್ಲ. ಶಾಲೆ ಬಿಟ್ಟ ಮೇಲೆ ಟೀಚರ್ ಬರುವವರೆಗೆ ಪುಟ್ಟಿ ಇರುತ್ತಿದ್ದುದು ಅವರಲ್ಲೇ. ಆಕೆಯನ್ನು ಟೀಚರ್ ಬಾಯ್ತುಂಬ 'ಅಕ್ಕಾ' ಎನ್ನುತ್ತಿದ್ದಳು. ಆ ಅಕ್ಕ ಇತ್ತೀಚೆಗೆ ಕೆದಕಿ ಕೆದಕಿ ಕೇಳುತ್ತಿದ್ದುದು ಈಗ ನೆನಪಾಯಿತು. ಪುಟ್ಟಿ ನಿದ್ದೇಲಿ ಎದ್ದು ಅಳ್ತಾಳಾ? ಹಟ ಮಾಡಿದ್ರೆ ಏನ್ಮಾಡ್ತೀರಿ? ಫೋನಿನಲ್ಲಿ ಮಾತಾಡುತ್ತಿದ್ದವಳು ಟೀಚರ್ ಮೆಟ್ಟಿಲಿಳಿಯುವುದು ಕಂಡರೆ ತಟ್ಟನೆ ಸುಮ್ಮನಾಗುತ್ತಿದ್ದಳು. ಬಡಗಿಯೂ ಅಷ್ಟೇ. ಎದುರಾದರೆ ಏನೋ ಬಚ್ಚಿಟ್ಟವನ ಹಾಗೆ ನಗುವುದು, ಅಂಗಡಿಯ ಕೆಲಸ ಮನೆಗೆ ತಂದುಕೊಂಡು ಸಂಜೆಯೆಲ್ಲ ಕುಟ್ಟುವುದು. ಬಾಯಲ್ಲಿ ಬೆಲ್ಲ, ಒಳಗೆ ಇದು!

ಬಂದವಳು ಕುರ್ಚಿ ಎಳೆದುಕೊಂಡು ಕೂತಳು. ಮನೆಯ ಸುತ್ತ ಒಮ್ಮೆ ಕಣ್ಣಾಡಿಸಿದಳು.

"ಹೆದರ್ಕೋಬೇಡಿ. ನೀವು ಹೇಳಿದ್ದು ನಮ್ಮಲ್ಲೇ ಇರುತ್ತೆ. ಕೆಳಮನೆಯವರು ನಿಮಗೆ ಚೆನ್ನಾಗಿ ಗೊತ್ತಲ್ವಾ? ಎಂಥ ಜನ ಅವರು? ಅವರ ಮಾತು ನಂಬಬಹುದಾ?"

ಟೀಚರಿಗೆ ದಾರಿ ಕಂಡಿತು. ದೂರು ಕೊಟ್ಟವಳೇ ಸುಳ್ಳಿ ಎಂದಾದರೆ ದೂರು ಎಲ್ಲಿ ನಿಲ್ಲುತ್ತದೆ?

"ಅಕ್ಕಪಕ್ಕದವರು, ಹೇಳಬಾರದು. ಕೇಳಿದ್ರಿ ಅಂತ ಹೇಳ್ತೀನಿ. ಬಾಯಿ ಬಿಟ್ರೆ ಸುಳ್ಳು. ಸಿಟ್ಟು ಬಂದ್ರಂತೂ ಆಕೆಗೆ ಮೈಮೇಲೆ ಪ್ರಜ್ಞೆ ಇರಲ್ಲ."

"ಮಕ್ಕಳ ಹತ್ರಾನೂ?"

ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಯಿತು.

"ಅಮ್ಮಾ, ನೀರು."

"ಬಾ ಮರೀ..." ಎಂದ ಹೆಂಗಸು ಕೂತಲ್ಲೇ ಮುಂದೆ ಬಾಗಿದಳು. "ಅಯ್ಯೋ, ಕೆನ್ನೆಗೇನಾಯ್ತು?"

ನಿಜ ನಾಲಗೆಯ ತುದಿಗೆ ಬಂದಿತ್ತು. ಇನ್ನೊಂದು ಉಸಿರಿಗೆ ಹೊರಬೀಳುತ್ತಿತ್ತೇನೋ. ಆದರೆ ಶಾಲೆ ಕಣ್ಮುಂದೆ ಬಂತು, ಸಭೆಯಲ್ಲಿ ಸಾಲಾಗಿ ಕೂತ ಮುಖಗಳು ಬಂದವು, ಪುಟ್ಟಿಯ ಕೈ ಹಿಡಿದು ಮೆಟ್ಟಿಲಿಳಿಯುತ್ತಿರುವ ಯಾರೋ ಬಂದರು.

"ಅದೇ ನೋಡಿ," ಎಂದಳು ಟೀಚರ್. "ನಿನ್ನೆ ಕೆಳಗೆ ಬಿಟ್ಟಿದ್ದೆ. ಆಕೆ ಬಾರಿಸಿದ್ದು."

ಪುಟ್ಟಿ ತಾಯಿಯ ಮುಖ ನೋಡಿದಳು.

"ಹೌದಾ ಮರೀ?"

ಪುಟ್ಟಿ ಕಾಲ್ಬೆರಳು ನೋಡಿಕೊಂಡು "ಹೂಂ" ಎಂದಳು. ಅಮ್ಮ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದನ್ನು ಅವಳು ನಿನ್ನೆ ಸಂಜೆಯಷ್ಟೇ ಕಲಿತಿದ್ದಳು.

ಬಂದವಳ ಮುಖದ ನಗು ಪೂರ್ತಿ ಆರಿತು. ಚೀಲ ಹೆಗಲಿಗೇರಿಸಿ ಎದ್ದಳು.

"ಒಳ್ಳೇದಾಯ್ತು ನೀವು ಹೇಳಿದ್ದು. ಸದ್ಯ, ಇನ್ನೂ ಹೊತ್ತು ಮೀರಿಲ್ಲ. ಮುಂದಿನದು ನಮಗೆ ಬಿಡಿ."

ಬಾಗಿಲು ಹಾಕಿಕೊಂಡು ಟೀಚರ್ ಅದಕ್ಕೇ ಒರಗಿ ನಿಂತಳು. ಬಚಾವಾದೆ ಎನ್ನಿಸಬೇಕಿತ್ತು. ಎನ್ನಿಸಲಿಲ್ಲ.

"ಕೆಳಗಿನ ದೊಡ್ಡಮ್ಮ ನನಗೆ ಯಾವತ್ತೂ ಹೊಡೆದಿಲ್ಲ ಅಲ್ವಾ ಅಮ್ಮಾ?" ಎಂದಳು ಪುಟ್ಟಿ.

"ನೀರು ಕುಡಿ."

ಮಗಳ ಕೈಗೆ ಲೋಟ ಕೊಡುವಾಗಲೂ ಅವಳ ಮುಖ ನೋಡಲಾಗಲಿಲ್ಲ.

ಮರುದಿನದಿಂದ ಪುಟ್ಟಿಯನ್ನು ಕೆಳಗೆ ಬಿಡಲಿಲ್ಲ. ಶಾಲೆ ಮುಗಿದ ಮೇಲೂ ಸ್ಟಾಫ್ ರೂಮಿನಲ್ಲೇ ಕೂರಿಸಿಕೊಂಡಳು. ಕೆಳಮನೆಯ ಬಾಗಿಲು ದಾಟುವಾಗ ಚಪ್ಪಲಿ ಸದ್ದಾಗದಂತೆ ಕಳ್ಳಹೆಜ್ಜೆ ಇಟ್ಟಳು. ತನ್ನ ಮನೆಗೆ ತಾನೇ ಕಳ್ಳಿಯಂತೆ ಹತ್ತಿ ಇಳಿದಳು. ಒಂದು ಸಂಜೆ ಗಮನಿಸಿದಳು, ಕೆಳಗಿನ ಕುಟ್ಟುವ ಸದ್ದು ನಿಂತಿತ್ತು.

ಅದೇ ಸಂಜೆ ಮತ್ತೆ ಬಾಗಿಲು ಸದ್ದಾಯಿತು. ಕೆಳಮನೆಯಾಕೆ. ಅತ್ತೂ ಅತ್ತೂ ಕಣ್ಣು ಊದಿತ್ತು.

ಟೀಚರ್ ಜಗಳಕ್ಕೆ ಸಿದ್ಧಳಾದಳು. ಏನೆಂದು ಕಿರುಚಬೇಕು, ಮೊದಲು ಯಾವ ಮಾತು ಎತ್ತಬೇಕು ಎಲ್ಲ ತಯಾರಿತ್ತು. ಆಕೆ ಜಗಳವಾಡಲಿಲ್ಲ. ಹೊಸ್ತಿಲಲ್ಲೇ ನಿಂತು, ಕೆನ್ನೆಯ ಬರೆ ಮಾಸಿದ್ದ ಪುಟ್ಟಿಯ ತಲೆ ಸವರಿದಳು.

"ಟೀಚರ್, ಆಸರೆಯವರು ನಿಮ್ಮ ಹತ್ರ ಬಂದಿದ್ರಾ?"

"ಬಂದಿದ್ರು," ಎಂದಳು ಟೀಚರ್.

"ಎಲ್ಲ ಸರಿಹೋಗಿತ್ತು. ಈಗ ಇದ್ದಕ್ಕಿದ್ದ ಹಾಗೆ ಆಗಲ್ಲ ಅಂದ್ಬಿಟ್ರು. ಯಾಕೆ ಅಂದ್ರೆ ಹೇಳ್ತಿಲ್ಲ. ಇವರಂತೂ ಮಾಡ್ತಿದ್ದ ಪುಟ್ಟ ಮಂಚ ಅರ್ಧಕ್ಕೇ ಬಿಟ್ರು, ಊಟಾನೂ ಬಿಟ್ಟಿದ್ದಾರೆ."

"ಏನು... ಏನು ಆಗಲ್ಲ ಅಂದ್ರು ಅಕ್ಕಾ?"

"ಆಸ್ಪತ್ರೆ ಸೇರಿರೋ ಒಬ್ಬ ತಾಯಿಯ ಮಗೂನ, ಆಕೆ ಹುಷಾರಾಗೋ ತನಕ ನಾವು ಸಾಕ್ತೀವಿ ಅಂತ ಕೇಳ್ಕೊಂಡಿದ್ವಿ, ನೀವೆಂಥವರು ಅಂತ ಯಾರನ್ನ ವಿಚಾರಿಸೋಣ ಅಂತ ಅವರು ಕೇಳಿದಾಗ, ಟೀಚರ್, ನಿಮ್ಮನ್ನ ಬಿಟ್ರೆ ಇನ್ನೊಬ್ಬರು ನೆನಪಾಗಲಿಲ್ಲ ನನಗೆ."