ಬೆನ್ನಿಗೂ ಬಿಸಿ

ಮೆಹಿಟಬೆಲ್ ಅಭ್ಯಾಸಬಲದಿಂದ ಎದ್ದು ಕುರ್ಚಿ ತಿರುಗಿಸಿದಳು. ಫಿಲಡೆಲ್ಫಿಯಾದ ಚಳಿಗಾಲಗಳನ್ನೆಲ್ಲ ಅವಳು ಕಳೆದದ್ದೇ ಹೀಗೆ. ಗೋಡೆಯ ಗೂಡಿನ ಬೆಂಕಿಗೆ ಮುಖ ಸುಡುವಾಗ ಬೆನ್ನು ಮರಗಟ್ಟುತ್ತಿತ್ತು, ಬೆನ್ನು ಕಾಯಿಸಿಕೊಂಡರೆ ಮೂಗು ಮರಗಟ್ಟುತ್ತಿತ್ತು.

ಗಂಡ ಜೇಬೆಜ್ ಕೋಣೆಯ ನಡುವೆ ತಂದಿಟ್ಟು ಹೊತ್ತಿಸಿದ್ದ ಹೊಸ ಮಾದರಿಯ ಕಬ್ಬಿಣದ ಒಲೆಯನ್ನು ಬೆಳಗಿನಿಂದ ಬೈದಿದ್ದಳು. "ಉರೀನೇ ಕಾಣದ ಒಲೆ ಅದೆಂಥ ಒಲೆರೀ? ಹೆಣದ ಪೆಟ್ಟಿಗೆ ಇದ್ದಂಗಿದೆ. ಕಮ್ಮಾರನಿಗೇ ವಾಪಸ್ ಕೊಟ್ಬನ್ನಿ!"

ಈಗ ತಿರುಗಿಸಿದ ಕುರ್ಚಿಯಲ್ಲಿ ಕೂತು, ಕೈಯನ್ನು ಹಿಂದಕ್ಕೆ ಚಾಚಿ ರವಿಕೆಯ ಬೆನ್ನು ಮುಟ್ಟಿದಳು. ಆಗಲೇ ಬೆಚ್ಚಗಿತ್ತು. ಮುಖ ಮುಟ್ಟಿಕೊಂಡಳು. ಅದೂ ಬೆಚ್ಚಗೇ ಇತ್ತು. ಸದ್ದಿಲ್ಲದೆ ಕುರ್ಚಿಯನ್ನು ಮೊದಲಿನ ಹಾಗೇ ಇಟ್ಟು, ಶಾಲು ತೆಗೆದು ಮಡಿಸಿದಳು.

ಅಷ್ಟರಲ್ಲಿ ಜೇಬೆಜ್ ಬಾಗಿಲು ತೆರೆದು, ಮಂಜು ಕೊಡವುತ್ತ ಹೊಸ್ತಿಲಲ್ಲೇ ನಿಂತ. "ಒಲೆ ವಾಪಸ್ ಒಯ್ಯೋಕೆ ಗಾಡಿ ಕಟ್ಟಾಯ್ತು ಕಣೇ. ಬೆಂಕಿ ಆರಿಸ್ಲಾ?"

"ಮೊದ್ಲು ಬಾಗ್ಲು ಹಾಕ್ರೀ!" ಎಂದು ಗದರಿದಳು ಮೆಹಿಟಬೆಲ್. "ಬಿಸಿಯೆಲ್ಲ ಬೀದಿಪಾಲಾಗ್ತಿದೆ."